ನಲವತ್ತೊಂದನೆಯ ನಡಿಗೆ

ಸ್ಟೂಲಿನಿಂದ ಏಳುವ ಹೊತ್ತಿಗೆ ಸೀರೆ ಮತ್ತೆ ಸಿಡಿಯಿತು.

ಪರದೆಯ ಮೇಲೆ ಗೇಮಿನ ಅಂಬಿಗಿತ್ತಿ ಎದ್ದಳು, ಬಲಗಾಲು ಒಮ್ಮೆ ಹಿಂದಕ್ಕೆ ಹೋಯಿತು, ಅಷ್ಟೇ. ಮೊಣಕಾಲಿನ ಕೆಳಗಿನ ನೆರಿಗೆಯೆಲ್ಲ ಚಿಂದಿ ಚಿಂದಿಯಾಗಿ ಅವಳ ತಲೆಯ ಮೇಲಕ್ಕೆ ಹಾರಿತು. ಜುಮಾನಾ ಆಟ ನಿಲ್ಲಿಸಿ ಕಣ್ಣುಜ್ಜಿಕೊಂಡಳು. ಬೆಳಿಗ್ಗೆಯಿಂದ ಇದು ಹದಿನೇಳನೆಯ ಸಲ.

ಗೇಮಿನೊಳಗಿನ ಜನರಿಗೆ ಬಟ್ಟೆ ಉಡಿಸುವುದು ಅವಳ ಕೆಲಸ. ಪುತ್ತೂರಿನ ದರ್ಬೆಯಲ್ಲಿ, ಸಮದ್ ಕಾಕನ ಚಾದಂಗಡಿಯ ಮಾಳಿಗೆಯಲ್ಲಿ ಕೂತು, ಗಾಳಿ ಬಂದರೆ ಸೆರಗು ಎಷ್ಟು ಹಾರಬೇಕು, ನಡೆದರೆ ನೆರಿಗೆ ಎಷ್ಟು ತೆರೆಯಬೇಕು ಎಂದು ಕಂಪ್ಯೂಟರಿಗೆ ಕಲಿಸುತ್ತಾಳೆ. ದರ್ಜಿಗಿಂತ ಅವಳಿಗೆ ಇದ್ದ ಸುಖ ಒಂದೇ, ಅಳತೆ ಬಿಗಿಯಾಯಿತು ಎಂದು ಗಿರಾಕಿ ಜಗಳಕ್ಕೆ ಬರುವುದಿಲ್ಲ.

ಈ ನಾಲ್ಕು ತಿಂಗಳಲ್ಲಿ ಆ ಸುಖವೂ ಹೋಗಿತ್ತು. ಅಂಬಿಗಿತ್ತಿಯ ಮೈಯೊಳಗೆ ಇದ್ದದ್ದು ಗೆಳತಿ ಭವಿತಾಳ ನಡಿಗೆ. ಜೂನ್ ಹದಿನಾಲ್ಕರಂದು ಸೆನ್ಸರ್ ಹೊಲಿದ ಕಪ್ಪು ಉಡುಪು ತೊಟ್ಟು, ಇದೇ ಕೋಣೆಯಲ್ಲಿ ನಡೆದು, ಆ ನಡಿಗೆಯನ್ನು ಕಂಪ್ಯೂಟರಿಗೆ ಕೊಟ್ಟು ಹೋದ ಭವಿತಾ ಮತ್ತೆ ಸಿಗಲಿಲ್ಲ. ಮರುದಿನ ಕುಮಾರಧಾರೆಯ ದಡದಲ್ಲಿ ಅವಳ ಚಪ್ಪಲಿ ಮಾತ್ರ ಸಿಕ್ಕಿತು.

ಗೆಳತಿ ಸತ್ತರೆ ಅತ್ತು ಮುಗಿಸಬಹುದು. ಸತ್ತವಳು ದಿನಕ್ಕೆ ಇಪ್ಪತ್ತು ಸಲ ಕಣ್ಣೆದುರು ಎದ್ದು ನಡೆದರೆ ಎಂತ ಮಾಡುವುದು? ಜುಮಾನಾ ಅಳುವುದನ್ನು ಬಿಟ್ಟು ಕೆಲಸ ಮಾಡುತ್ತಿದ್ದಳು.

"ಬಿಡು ಜುಮಾನಾ," ಎಂದ ಹಿಂದೆ ಗೋಡೆಗೊರಗಿ ನಿಂತಿದ್ದ ಮೋಕ್ಷಿತ್. "ಸೋಮವಾರ ಠಾಣೆಗೆ ಬರುವಾಗ ಎರಡು ಜೊತೆ ಬಟ್ಟೆ ಹಿಡ್ಕೊಂಡೇ ಬಾ ಅಂದಿದ್ದಾರೆ ಇನ್ಸ್‌ಪೆಕ್ಟರ್. ಇನ್ನು ಆ ಸೀರೆ ನಿಂತ್ರೆಂತ, ಹರಿದ್ರೆಂತ."

ರೆಕಾರ್ಡಿಂಗ್ ನೋಡಿಕೊಳ್ಳುವವನು ಮೋಕ್ಷಿತ್. ಭವಿತಾಳ ಕೊನೆಯ ರೆಕಾರ್ಡಿಂಗ್, ನಲವತ್ತೊಂದನೆಯ ಕ್ಲಿಪ್, ಮುಗಿದದ್ದು ಸಂಜೆ ಐದು ನಲವತ್ತಕ್ಕೆ ಎಂದು ಫೈಲಿನಲ್ಲೇ ಉಂಟು. ಅವನು ಬಂದದ್ದು ಐದೂ ಮುಕ್ಕಾಲಿಗೆ. ಕೋಣೆ ಖಾಲಿ ಇತ್ತು ಎಂದು ಅವನು ಅಂದಿನಿಂದ ಹೇಳುತ್ತಲೇ ಇದ್ದಾನೆ. ಐದು ನಿಮಿಷದಲ್ಲಿ ಆ ಬಿಗಿ ಉಡುಪು ಕಳಚಿಟ್ಟು, ಮೆಟ್ಟಿಲಿಳಿದು ಹೋಗಲು ಸಾಧ್ಯವೇ ಎಂದು ಪೊಲೀಸರು ಕೇಳಿದರು. ಊರ ಬಾಯಿಗೆ ಬೀಗ ಇಲ್ಲ. ಅವನ ತಾಯಿ ಈಗ ಅಂಗಡಿಗೆ ಹೋಗುವುದನ್ನೂ ನಿಲ್ಲಿಸಿದ್ದಾಳೆ.

ಜುಮಾನಾ ಪರದೆಗೆ ತಿರುಗಿದಳು. ಬಟ್ಟೆ ಮೈಯೊಳಗೆ ನುಗ್ಗದಂತೆ ಅಂಬಿಗಿತ್ತಿಯ ಕೈಕಾಲಿನ ಸುತ್ತ ಕಾಣದ ಕೊಳವೆಗಳನ್ನು ಇಟ್ಟಿರುತ್ತಾರೆ. ಅವನ್ನು ದಪ್ಪ ಮಾಡಿದ್ದಾಯಿತು. ಬಟ್ಟೆಯನ್ನು ಗಡುಸು ಮಾಡಿದ್ದಾಯಿತು. ಗಾಳಿ ತೆಗೆದದ್ದಾಯಿತು. ಉಳಿದ ನಲವತ್ತು ಕ್ಲಿಪ್‌ಗಳಲ್ಲಿ ಇದೇ ಸೀರೆ ಸುಮ್ಮನೆ ಇರುತ್ತದೆ, ಇದೊಂದರಲ್ಲಿ ಮಾತ್ರ ರಂಪ.

ಒಂದಲ್ಲ, ಎರಡು ರಂಪ. ಏಳುವಾಗ ಸಿಡಿಯುವುದು ಒಂದು. ಅದಕ್ಕೂ ಮೊದಲು, ಸ್ಟೂಲಿನ ಮೇಲೆ ಸುಮ್ಮನೆ ಕೂತಿರುವಾಗ, ಸೀರೆಯ ಅಂಚು ಸಣ್ಣಗೆ ನಡುಗುತ್ತದೆ. ಲೆಕ್ಕ ತಪ್ಪಿದ ಬಟ್ಟೆ ನಡುಗುವುದು ಹೊಸತಲ್ಲ, ಆದರೆ ಆ ನಡುಕಕ್ಕೆ ತಾಳ ಇರುವುದಿಲ್ಲ. ಇದಕ್ಕೆ ಇತ್ತು.

ಕೊನೆಗೆ, ಮೊದಲೇ ಮಾಡಬೇಕಿದ್ದ ಕೆಲಸವನ್ನು ಮಾಡಿದಳು. ಸೀರೆಯನ್ನು ಪೂರ್ತಿ ತೆಗೆದು, ಅಂಬಿಗಿತ್ತಿಯನ್ನೂ ಮರೆಮಾಡಿ, ಒಳಗಿನ ಬರೇ ಕಡ್ಡಿಬೊಂಬೆಯನ್ನು ಓಡಿಸಿದಳು.

ಕಡ್ಡಿಬೊಂಬೆ ಕೂತಿತ್ತು. ಅದರ ಎರಡೂ ಪಾದ ಹಿಮ್ಮಡಿ, ತುದಿ, ಹಿಮ್ಮಡಿ, ತುದಿ ಎಂದು ಮೆಲ್ಲಗೆ ತೂಗುತ್ತಿತ್ತು. ನಡುಗುತ್ತಿದ್ದದ್ದು ಬಟ್ಟೆಯಲ್ಲ, ಕಾಲು. ಆಮೇಲೆ ಅದು ಎದ್ದಿತು. ಬಲ ಹಿಮ್ಮಡಿ ಹಿಂದಕ್ಕೆ ಒದೆಯಿತು, ಎಡಗೈ ಮೊಣಕಾಲಿನ ಹಿಂದಕ್ಕೆ ಹೋಗಿ ಇಲ್ಲದ್ದನ್ನು ಹಿಡಿದು ಸೊಂಟಕ್ಕೆ ಬಂತು. ಕಾಲಿಗೂ ಕೈಗೂ ನಡುವೆ ಸಿಕ್ಕಿದ ಸೀರೆ ಪಾಪ ಎಲ್ಲಿಗೆ ಹೋಗಬೇಕು, ಸಿಡಿಯುತ್ತಿತ್ತು. ಮೊದಲು ಅಂಬಿಗಿತ್ತಿಗೆ ಪ್ಯಾಂಟು ಹಾಕಿಸಿದ್ದಾಗ ಇದನ್ನು ಎಲ್ಲರೂ ನೋಡಿದ್ದರು. ಭವಿತಾ ಎಡವಿದಳು ಎಂದುಕೊಂಡಿದ್ದರು.

"ಎಂತ ಹುಡುಕುದು ಅವಳು ಅಲ್ಲಿ?" ಎಂದು ಮೋಕ್ಷಿತ್ ಕೇಳಿದ.

ಹನ್ನೊಂದೂವರೆಗೆ ಅವಳು ಚಾ ಕುಡಿಯಲು ಕೆಳಗಿಳಿದಳು. ಸಮದ್ ಕಾಕ ಬೆಂಚಿನಲ್ಲಿ ಕೂತು ಪೇಪರ್ ಓದುತ್ತಿದ್ದ. ಗಿರಾಕಿ ಬಂತು ಎಂದು ಎದ್ದ. ಏಳುತ್ತ ಬಲ ಹಿಮ್ಮಡಿಯಿಂದ ಲುಂಗಿಯ ಅಂಚನ್ನು ಹಿಂದಕ್ಕೆ ಒದ್ದ, ಹಾರಿದ ಅಂಚನ್ನು ತಿರುಗಿ ನೋಡದೆ ಎಡಗೈಯಲ್ಲಿ ಹಿಡಿದ, ಎತ್ತಿ ಮಡಚಿ ಸೊಂಟಕ್ಕೆ ಸಿಕ್ಕಿಸಿದ.

ಜುಮಾನಾ ಇದ್ದಲ್ಲೇ ನಿಂತುಬಿಟ್ಟಳು.

ಈ ಊರ ಗಂಡಸರಿಗೆ ಇದನ್ನು ಯಾರೂ ಕಲಿಸುವುದಿಲ್ಲ. ಲುಂಗಿ ಉಡಲು ಕಲಿತ ದಿನ ಕಾಲು ತಾನೇ ಕಲಿಯುತ್ತದೆ, ಆಮೇಲೆ ಸಾಯುವವರೆಗೆ ಮರೆಯುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಸುಮ್ಮನೆ ಅಲ್ಲ. ಇನ್ನೊಮ್ಮೆ ಎದ್ದು ತೋರಿಸಲು ಅವಳು ಕೇಳಿಕೊಂಡಾಗ, ಲುಂಗಿ ಕಟ್ಟುವುದನ್ನೂ ಗೇಮಿಗೆ ಹಾಕುತ್ತಾರೆಯೇ ಎಂದು ಸಮದ್ ಕಾಕ ನಕ್ಕ. ಆದರೂ ತೋರಿಸಿದ.

ಭವಿತಾ ಜೀನ್ಸ್ ಬಿಟ್ಟು ಬೇರೆ ಉಟ್ಟವಳಲ್ಲ. ಕಾಲೇಜು ಡೇಗೆ ಒಮ್ಮೆ ಸೀರೆ ಉಟ್ಟು, ಮೂರೇ ಹೆಜ್ಜೆಗೆ ಬಿದ್ದು, ಆಮೇಲೆ ಅದರ ಸಹವಾಸ ಬೇಡ ಅಂದಿದ್ದಳು. ಹಾಗಾದರೆ ನಲವತ್ತೊಂದನೆಯ ಕ್ಲಿಪ್ ಅವಳದ್ದಲ್ಲ. ಅಂದು ಸಂಜೆ ಆ ಕಪ್ಪು ಉಡುಪಿನೊಳಗೆ ಇದ್ದದ್ದು ಒಬ್ಬ ಗಂಡಸು. ಐದು ನಲವತ್ತಕ್ಕೆ ಭವಿತಾ ಆ ಕೋಣೆಯಲ್ಲಿ ಇರಲೇ ಇಲ್ಲ.

ಮೋಕ್ಷಿತ್‌ಗೆ ಅದನ್ನು ಹೇಳಿದಾಗ ಅವನು ನೆಲದ ಮೇಲೆ ಕೂತುಬಿಟ್ಟ. ನಾಲ್ಕು ತಿಂಗಳಲ್ಲಿ ಮೊದಲ ಸಲ ಒಬ್ಬರು ಅವನನ್ನು ನಂಬಿದ್ದರು. ಮುಖ ಮುಚ್ಚಿಕೊಂಡು ಅತ್ತ. ಜುಮಾನಾ ಅವನ ಪಕ್ಕದಲ್ಲೇ ಕೂತಳು. ಇವನು ಉಳಿದ ಎಂಬ ಖುಷಿಯ ಜೊತೆಗೇ, ಇಷ್ಟು ದಿನ ಗೆಳತಿಯ ಕೊನೆಯ ಹೆಜ್ಜೆ ಎಂದು ಎದೆಗೊತ್ತಿಕೊಂಡದ್ದು ಯಾರದೋ ಹೆಜ್ಜೆ ಎಂಬ ಸಂಕಟ.

ಮಂಗಳೂರಿನಲ್ಲಿದ್ದ ಸ್ಟುಡಿಯೋ ಮಾಲಕ ಸುದರ್ಶನ ಸರ್‌ಗೆ ಅವಳು ಕೂಡಲೇ ಎಲ್ಲವನ್ನೂ ಬರೆದು ಕಳಿಸಿದಳು. ಕ್ಲಿಪ್ ಭವಿತಾಳದ್ದಲ್ಲ. ಭವಿತಾಳಿಗೆ ಪರಿಚಯ ಇದ್ದ ಗಂಡಸರು ಯಾರ್ಯಾರು ಎಂದು ಅವಳ ಅಪ್ಪ ದುಗ್ಗಪ್ಪ ಅಂಕಲ್‌ಗೆ ಗೊತ್ತಿರಬಹುದು, ಕಡಬಕ್ಕೆ ಹೋಗಿ ಕೇಳುತ್ತೇನೆ. ಇವತ್ತು ಗುರುವಾರ, ಪ್ರತಿ ಗುರುವಾರದ ಹಾಗೆ ಅವರು ಗುಂಡ್ಯದ ಹೋಟೆಲಿಗೆ ಹೋಗಿರುತ್ತಾರೆ, ಮೂರು ಗಂಟೆಗೆ ತಿರುಗಿ ಬಂದ ಮೇಲೆ ಅಂಗಡಿಯಲ್ಲಿ ಸಿಗುತ್ತಾರೆ. ಒಂದು ವಿಷಯವನ್ನೂ ಬಿಡಲಿಲ್ಲ. ಬಿಟ್ಟು ಹೇಳುವ ಅಭ್ಯಾಸ ಅವಳಿಗಿಲ್ಲ.

ಸುದರ್ಶನ ಹೆಬ್ಬೆರಳಿನ ಗುರುತು ಮಾತ್ರ ಕಳಿಸಿದ.

ಕಡಬದ ಬಸ್ಸಿನಲ್ಲಿ ಕೂತು ಅವಳು ದುಗ್ಗಪ್ಪನನ್ನು ನೆನೆದಳು. ಮೂವತ್ತು ವರ್ಷದಿಂದ ಕಡಬ ಪೇಟೆಯಲ್ಲಿ ದರ್ಜಿ. ಹತ್ತಿಯ ಸೆರಗು ಹೇಗೆ ಬೀಳುತ್ತದೆ, ರೇಷ್ಮೆಯದು ಹೇಗೆ ಎಂದು ಅವಳಿಗೆ ಕಲಿಸಿದವನು ಅವನೇ. ಅಂಗಡಿಯಲ್ಲಿ ನಿಲ್ಲಿಸಿ ತುಂಡು ಬಟ್ಟೆ ಹೆಗಲಿಗೆ ಹಾಕಿ, "ಬಟ್ಟೆಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ ಮಗಾ. ಹೆಗಲು ವಾಲಿದ್ರೆ ಅಂಗಿ ಹೇಳ್ತದೆ," ಎನ್ನುತ್ತಿದ್ದ. ಅರೆಭಾಷೆ ಆಡುವ ಹಿಂದೂ ಮನೆಯ ಹುಡುಗಿ, ಬ್ಯಾರಿ ಆಡುವ ಮುಸ್ಲಿಂ ಮನೆಯ ಹುಡುಗಿ ಎಂಬ ಭೇದವಿಲ್ಲದೆ ಇಬ್ಬರಿಗೂ ಒಂದೇ ತಾನಿನಿಂದ ಚೂಡಿದಾರ ಹೊಲಿದು ಕೊಟ್ಟಿದ್ದ. ಅದನ್ನು ಜುಮಾನಾ ಜೂನ್‌ನಿಂದ ಪೆಟ್ಟಿಗೆಯಿಂದ ಹೊರಗೆ ತೆಗೆದಿಲ್ಲ.

ಅಂಗಡಿಗೆ ಬಂದಾಗ ಮೂರೂ ಕಾಲು. ದುಗ್ಗಪ್ಪ ಮೆಷಿನ್ನಿನ ಹಿಂದೆ ಕೂತಿದ್ದ, ಹೆಗಲ ಮೇಲೆ ಬೈರಾಸು ಟವೆಲು, ಕಣ್ಣು ಗುಳಿಬಿದ್ದಿತ್ತು. ಒಳಗಡೆ ಚಾಪೆಯ ಮೇಲೆ ಭವಿತಾಳ ಅಮ್ಮ ಕುಮುದಿನಿ ರವಿಕೆಗೆ ಹುಕ್ಕು ಹಾಕುತ್ತಿದ್ದಳು. ಜುಮಾನಾಳನ್ನು ಕಂಡದ್ದೇ ಸೂಜಿ ಕೆಳಗಿಟ್ಟು ಎದ್ದು ಬಂದು ಎರಡೂ ಕೈ ಹಿಡಿದಳು. ಹಿಡಿದವಳು ಬಿಡಲಿಲ್ಲ.

"ಅವಳು ಈಗಲೂ ನಡೀತಾಳಾ, ನಿಮ್ಮ ಕಂಪ್ಯೂಟರಿನಲ್ಲಿ?"

ಜುಮಾನಾ ಹೌದೆಂದು ತಲೆಯಾಡಿಸಿದಳು. ಬೇರೆ ಎಂತ ಮಾಡಲೂ ಅವಳಿಗೆ ಧೈರ್ಯ ಬರಲಿಲ್ಲ.

ಜುಲೈಯಲ್ಲಿ ಕುಮುದಿನಿ ಸ್ಟುಡಿಯೋಕ್ಕೆ ಬಂದು, ಮಗಳ ಕೊನೆಯ ನಡಿಗೆಯನ್ನು ತನ್ನ ಮೊಬೈಲಿಗೆ ಹಾಕಿಕೊಡು ಎಂದು ಬೇಡಿಕೊಂಡಿದ್ದಳು. ಜುಮಾನಾ ಹಾಕಿಕೊಟ್ಟಿದ್ದಳು, ನಲವತ್ತೊಂದನೆಯ ಕ್ಲಿಪ್ಪನ್ನೇ. ಈಗ ಕುಮುದಿನಿ ಸೆರಗಿನಿಂದ ಮೊಬೈಲ್ ಒರೆಸಿ ಅದನ್ನು ತೆರೆದಳು. ಕಡ್ಡಿಬೊಂಬೆ ಕೂತಿತ್ತು, ಪಾದ ತೂಗುತ್ತಿತ್ತು.

"ದಿನಾ ದೀಪ ಹಚ್ಚಿ ಆದ ಮೇಲೆ ಒಮ್ಮೆ ನೋಡ್ತೇನೆ. ಮುಖ ಇಲ್ಲದಿದ್ರೂ ನನಗೆ ಸಾಕು." ಅವಳು ಪರದೆಯನ್ನು ಬೆರಳಿನಿಂದ ಸವರಿದಳು. "ನೋಡು, ಥೇಟ್ ಇವರ ಹಾಗೇ. ಅಪ್ಪನ ಕಾಲೇ ಅವಳಿಗೆ."

ಜುಮಾನಾ ಮೊಬೈಲಿನಿಂದ ತಲೆಯೆತ್ತಿದಳು.

ದುಗ್ಗಪ್ಪನ ಮೆಷಿನ್ನಿಗೆ ಮೋಟಾರು ಕೂಡಿಸಿ ಎರಡು ವರ್ಷವಾಗಿತ್ತು. ತುಳಿಯುವ ಅಗತ್ಯವೇ ಇರಲಿಲ್ಲ. ಅವನ ಕೈ ಖಾಲಿ ಇತ್ತು, ಮೆಷಿನ್ನು ನಿಂತಿತ್ತು. ಆದರೆ ಕೆಳಗೆ, ಹಳೆಯ ಕಬ್ಬಿಣದ ಪೆಡಲಿನ ಮೇಲೆ, ಅವನ ಎರಡೂ ಪಾದ ಹಿಮ್ಮಡಿ, ತುದಿ, ಹಿಮ್ಮಡಿ, ತುದಿ ಎಂದು ತೂಗುತ್ತಿತ್ತು.

ಅವಳು ನೋಡಿದ್ದನ್ನು ಅವನು ನೋಡಿದ. ಪಾದ ನಿಂತಿತು.

ಅವನು ಹೆಂಡತಿಗೆ ಅರೆಭಾಷೆಯಲ್ಲಿ, ಹುಡುಗಿ ಬಿಸಿಲಿಗೆ ಬಂದಿದ್ದಾಳೆ, ಮನೆಗೆ ಹೋಗಿ ಒಂದು ಲಿಂಬೆ ಶರಬತ್ತು ಮಾಡಿ ತಾ ಎಂದ. ಅಂಗಡಿಯ ಹಿಂದೆಯೇ ಮನೆ. ಹೊಸ್ತಿಲು ದಾಟುವಾಗಲೂ ಕುಮುದಿನಿಯ ಕಣ್ಣು ಮೊಬೈಲಿನಲ್ಲೇ ಇತ್ತು. ತನ್ನ ಗಂಡನ ನಡಿಗೆಗೆ ಅವಳು ನಾಲ್ಕು ತಿಂಗಳಿಂದ ಅಳುತ್ತಿದ್ದಳು.

"ಅಂಕಲ್, ಎದ್ದು ನಿಲ್ಲಿ," ಎಂದಳು.

ಅವನು ಏಳಲಿಲ್ಲ. ಉಟ್ಟ ಮುಂಡಿನ ಅಂಚನ್ನು ಮೊಣಕಾಲಿನ ಮೇಲೆ ಎಳೆದುಕೊಂಡ.

"ಆ ದಿನ ಡ್ರೆಸ್ ಹಾಕಿ ನಡೆದದ್ದು ನೀವು. ಅಂಬಿಗಿತ್ತಿಗೆ ಸೀರೆ ಉಡಿಸುವಾಗ ಗೊತ್ತಾಯ್ತು. ಬಟ್ಟೆ ಹೇಳಿತು."

ಅವನು ಮೇಜಿನ ಮೇಲಿನ ಸೀಮೆಸುಣ್ಣದ ಬಿಲ್ಲೆಯನ್ನು ತಿರುಗಿಸುತ್ತ ಕೂತ. ಜುಮಾನಾಳಿಗೆ ಅವನ ಮೇಲೆ ಬೀಳಬೇಕು ಅನ್ನಿಸಿತು, ಅವನ ಕಾಲು ಹಿಡಿದು ಅಳಬೇಕು ಎಂದೂ ಅನ್ನಿಸಿತು. ಕೊನೆಗೆ ಕೇಳಬೇಕಾದ್ದನ್ನೇ ಕೇಳಿದಳು.

"ಅವಳನ್ನು ಎಂತ ಮಾಡಿದಿರಿ?"

"ರೈಲು ಹತ್ತಿಸಿದೆ," ಎಂದ ದುಗ್ಗಪ್ಪ.

ಜುಮಾನಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ನೆಟ್ಟಣದಲ್ಲಿ. ಅವಳ ತಮ್ಮ ಭವಿತ್ ಬೈಕಿನಲ್ಲಿ ಬಿಟ್ಟು ಬಂದ. ಬದುಕಿದ್ದಾಳೆ ಮಗಾ. ಚಪ್ಪಲಿ ಹೊಳೆಬದಿಯಲ್ಲಿ ಇಟ್ಟದ್ದು ನಾನೇ."

ಬದುಕಿದ್ದಾಳೆ. ಆ ಒಂದು ಮಾತಿಗೆ ಜುಮಾನಾ ನಾಲ್ಕು ತಿಂಗಳಿಂದ ಹರಕೆ ಹೊತ್ತಿದ್ದಳು. ಈಗ ಮಾತು ಬಂತು, ಅದನ್ನು ಹಿಡಿಯಲು ಎದೆಯಲ್ಲಿ ಜಾಗ ಸಿಗಲಿಲ್ಲ. ನೆಲಕ್ಕೆ ಕುಸಿದು ಕೂತು, ಬಾಯಿಗೆ ಶಾಲು ಒತ್ತಿಕೊಂಡು ಅತ್ತಳು. ಒಳಗಿನಿಂದ ಕುಮುದಿನಿ ಲಿಂಬೆ ಹಿಂಡಲು ಪಾತ್ರೆ ಹುಡುಕುವ ಸದ್ದು ಬರುತ್ತಿತ್ತು.

ದುಗ್ಗಪ್ಪ ತಗ್ಗಿದ ದನಿಯಲ್ಲಿ ಹೇಳಿದ. ಗೇಮಿನ ಪಾತ್ರಗಳಿಗೆಂದು ಸ್ಟುಡಿಯೋಕ್ಕೆ ಕಾಲೇಜು ಹುಡುಗಿಯರು ಬಂದು, ಮುಖ, ಮೈಕಟ್ಟಿನ ಅಚ್ಚು ಕೊಟ್ಟು ಹೋಗುತ್ತಿದ್ದರು. ಪುತ್ತೂರು, ಸುಳ್ಯದ ಇಪ್ಪತ್ತೆರಡು ಮಂದಿ. ಆ ಅಚ್ಚುಗಳಿಂದ ಹೊಲಸು ವೀಡಿಯೋ ಮಾಡಿ ಸುದರ್ಶನ ಹೊರಗೆ ಮಾರುತ್ತಿದ್ದ. ಭವಿತಾ ಅದನ್ನು ಕಂಡು ಎಲ್ಲವನ್ನೂ ಒಂದು ಡಿಸ್ಕಿಗೆ ಹಾಕಿಕೊಂಡಳು. ಅವನಿಗೆ ವಾಸನೆ ಬಡಿಯಿತು. ಬಾಯಿಬಿಟ್ಟರೆ ನಿನ್ನದೂ ಹೊರಗೆ ಬರುತ್ತದೆ ಎಂದ. ಅವತ್ತು ಅವನು ಮಂಗಳೂರಿನಲ್ಲಿದ್ದು, ಸಂಜೆ ತಾನು ಬರುವವರೆಗೆ ಅವಳು ಆ ಉಡುಪು ಕಳಚಬಾರದು ಎಂದು ಅಪ್ಪಣೆ ಮಾಡಿದ್ದ. ಉಡುಪು ಅಲುಗಿದರೆ ಅವನ ಮೊಬೈಲಿನಲ್ಲಿ ಕಡ್ಡಿಬೊಂಬೆ ಅಲುಗುತ್ತಿತ್ತು. ಅಷ್ಟು ನೋಡಿದರೆ ಅವನಿಗೆ ಅವಳು ಕೋಣೆಯಲ್ಲೇ ಇದ್ದ ಹಾಗೆ.

"ನಾವು ಅಪ್ಪ ಮಗಳು ಒಂದೇ ಎತ್ತರ ಅಲ್ವಾ," ಎಂದ. "ಅವತ್ತು ಕೋಣೆಯಲ್ಲಿ ಬೇರೆ ಯಾರೂ ಇರ್ಲಿಲ್ಲ. ಮಧ್ಯಾಹ್ನದಿಂದ ತೊಟ್ಟುಕೊಂಡು ಕೂತೆ. ಕೊನೆಗೆ ಅವಳು ಹೇಳಿಕೊಟ್ಟ ಗುಂಡಿ ಒತ್ತಿ ನಡೆದೆ. ಅಂಗಿ ಪ್ಯಾಂಟಿನ ಮೇಲಿನಿಂದಲೇ ಹಾಕಿದ್ದು, ಎಳೆದು ಬಿಸಾಡಿ ಹಿಂದಿನ ಮೆಟ್ಟಿಲಲ್ಲಿ ಇಳಿದೆ. ನೀನು ಹಗಲಿಡೀ ಆ ಮಕ್ಕಳಿಗೆ ಬಟ್ಟೆ ಉಡಿಸುದು, ಅವ ಅದನ್ನು ಬಿಚ್ಚುದು. ನಾನು ದರ್ಜಿ ಮಗಾ. ನನಗೆ ಸಹಿಸ್ಲಿಕ್ಕೆ ಆಗ್ಲಿಲ್ಲ."

ಕುಮುದಿನಿ ಆಂಟಿಗೆ ಯಾಕೆ ಹೇಳಲಿಲ್ಲ, ಮೋಕ್ಷಿತ್ ಎಂತ ತಪ್ಪು ಮಾಡಿದ್ದ ಎಂದು ಜುಮಾನಾ ಕೇಳಿದಳು. ತಾಯಿ ಅಳದಿದ್ದರೆ ಸಾವನ್ನು ಊರು ನಂಬುವುದಿಲ್ಲ, ಸುದರ್ಶನ ಹುಡುಕುವುದನ್ನು ಬಿಡುವುದಿಲ್ಲ ಎಂದ ದುಗ್ಗಪ್ಪ. ಪಕ್ಕದಲ್ಲಿ ಮಲಗಿ ಅವಳ ಅಳುವನ್ನು ಕೇಳುತ್ತ ಒಂದೊಂದು ಬೆಳಗು ಮಾಡಿದ್ದ. ಮೋಕ್ಷಿತ್‌ನ ಮಾತಿಗೆ ಮಾತ್ರ ಅವನು ತಲೆ ತಗ್ಗಿಸಿದ. ಆ ಪಾಪ ತನ್ನದೇ, ಸೋಮವಾರ ಅವನಿಗಿಂತ ಮೊದಲು ತಾನೇ ಠಾಣೆಯಲ್ಲಿ ಇರುತ್ತೇನೆ ಎಂದ.

"ಅಷ್ಟರಲ್ಲಿ ಅವಳ ಹತ್ತಿರ ಇರುವ ಡಿಸ್ಕ್ ನಮಗೆ ಸಹಾಯ ಮಾಡುವ ವಕೀಲೆಯ ಕೈಗೆ ಮುಟ್ಟಬೇಕು. ಇವತ್ತೇ. ನಾಲ್ಕು ಗಂಟೆಯ ಬಸ್ಸಿಗೆ ಭವಿತಾ ಗುಂಡ್ಯದಲ್ಲಿ ಇಳೀತಾಳೆ. ಹೋಟೆಲಿನ ಕಿಟಕಿ ಹತ್ತಿರದ ಮೇಜಿನಲ್ಲಿ ತುಂಡು ಬಟ್ಟೆಯ ಚೀಲ ಇಟ್ಟು ಬಂದಿದ್ದೇನೆ. ಅದು ಕಂಡ್ರೆ ಅಪಾಯ ಇಲ್ಲ ಅಂತ ಒಳಗೆ ಬಂದು ವಕೀಲೆಗೆ ಕಾಯುದು. ಕಾಣದಿದ್ರೆ ಬಸ್ಸಿನಿಂದ ಇಳಿಯುದೇ ಇಲ್ಲ."

ಜುಮಾನಾ ಗೋಡೆಯ ಗಡಿಯಾರ ನೋಡಿದಳು. ಮೂರು ನಲವತ್ತು.

"ನನಗೂ ಹೇಳ್ಲಿಲ್ಲ ಅವಳು," ಎಂದಳು.

"ಹೇಳ್ಬೇಡಿ ಅಂದದ್ದು ಅವಳೇ. ಕೋಪದಿಂದ ಅಲ್ಲ ಮಗಾ. ಜುಮಾನಾಳಿಗೆ ಸುಳ್ಳು ಬರುದಿಲ್ಲ ಅಪ್ಪ, ಅವಳು ಎಲ್ಲವನ್ನೂ ಸರ್‌ಗೆ ಹೇಳಿಬಿಡ್ತಾಳೆ ಅಂದಳು. ಹೇಳುವಾಗ ಅತ್ತಿದ್ದಾಳೆ." ಅವನು ಕನ್ನಡಕ ತೆಗೆದು ಬೈರಾಸಿನಲ್ಲಿ ಕಣ್ಣೊರೆಸಿಕೊಂಡ. ಆಮೇಲೆ ಏನೋ ಹೊಳೆದವನಂತೆ ಅವಳನ್ನೇ ನೋಡಿದ. "ಈ ಕ್ಲಿಪ್ಪಿನ ವಿಷಯ ಯಾರಿಗೆಲ್ಲ ಗೊತ್ತುಂಟು?"

ಜುಮಾನಾ ನೆಲದಿಂದ ಎದ್ದು ನಿಂತಳು.

"ಮೋಕ್ಷಿತ್‌ಗೆ." ಆಮೇಲೆ, "ಸುದರ್ಶನ ಸರ್‌ಗೆ. ಹೊರಡುವ ಮೊದಲೇ ಬರೆದೆ." ಅವಳಿಗೆ ಸುಳ್ಳು ಬರುವುದಿಲ್ಲ, ಅರ್ಧ ಸತ್ಯವೂ ಬರುವುದಿಲ್ಲ. "ನೀವು ಗುಂಡ್ಯಕ್ಕೆ ಹೋಗುದನ್ನೂ ಬರೆದಿದ್ದೇನೆ."

ದುಗ್ಗಪ್ಪ ಎದ್ದ. ಬಲ ಹಿಮ್ಮಡಿ ಮುಂಡಿನ ಅಂಚನ್ನು ಒದೆಯಿತು, ಎಡಗೈ ನೋಡದೆ ಹಿಡಿಯಿತು. ಪರದೆಯ ಮೇಲೆ ಹದಿನೇಳು ಸಲ ಕಂಡದ್ದು ಈಗ ಕಣ್ಣೆದುರಿಗೆ ಆಯಿತು. ಅವನು ಹೋಟೆಲಿಗೆ ಫೋನು ಮಾಡಿದ. ಗಂಟೆ ಹೋಗುತ್ತಿತ್ತು, ಯಾರೂ ಎತ್ತಲಿಲ್ಲ. ಭವಿತಾಳ ಕೈಯಲ್ಲಿ ಮೊಬೈಲೇ ಇಲ್ಲ. ಗುಂಡ್ಯಕ್ಕೆ ಇಲ್ಲಿಂದ ಮುಕ್ಕಾಲು ಗಂಟೆಯ ದಾರಿ.

ಜುಮಾನಾಳ ಮೊಬೈಲ್ ಸಣ್ಣಗೆ ಸದ್ದು ಮಾಡಿತು. ಸುದರ್ಶನ ಒಂದು ಫೋಟೋ ಕಳಿಸಿದ್ದ.

ಕಿಟಕಿಯ ಹತ್ತಿರದ ಮೇಜು. ಅದರ ಮೇಲೆ ಬಣ್ಣ ಬಣ್ಣದ ತುಂಡು ಬಟ್ಟೆಯ ಚೀಲ, ಇಟ್ಟಲ್ಲೇ, ರಸ್ತೆಗೆ ಕಾಣುವ ಹಾಗೆ. ಪಕ್ಕದಲ್ಲಿ ಎರಡು ಗ್ಲಾಸು ಚಾ. ಒಂದು ಅರ್ಧ ಕುಡಿದದ್ದು, ಇನ್ನೊಂದು ಮುಟ್ಟದ್ದು. ಕೆಳಗೆ ಬರೆದಿದ್ದ: ಥ್ಯಾಂಕ್ಸ್ ಜುಮಾನಾ. ನಾಲ್ಕರ ಬಸ್ಸಿಗೆ ಬರ್ತಾಳೆ ಅಂದ ಹೋಟೆಲಿನವ. ಅವಳಿಗೂ ಒಂದು ಚಾ ಹೇಳಿದ್ದೇನೆ.

ಹಿಂದಿನಿಂದ ಬಳೆಯ ಸದ್ದು ಕೇಳಿತು. ಕುಮುದಿನಿ ಶರಬತ್ತಿನ ಲೋಟ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಇಬ್ಬರೂ ಬಗ್ಗಿ ಮೊಬೈಲ್ ನೋಡುವುದನ್ನು ಕಂಡು ಅವಳ ಮುಖ ಒಮ್ಮೆ ಬೆಳಗಿತು.

"ಅವಳದ್ದಾ?" ಎಂದು ಕೈ ಚಾಚಿದಳು. "ನನಗೂ ತೋರಿಸು ಮಗಾ."